ಊರಿನ ದೀಪ, ಊರಿನ ಲೆಕ್ಕ

ಈ ಸ್ಮರಣ ಸಂಚಿಕೆಗಾಗಿ ಏನನ್ನಾದರೂ ಬರೆಯಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಶಿಸ್ತನ್ನು ಕುರಿತೋ ಗೃಹಕೃತ್ಯವನ್ನು ಕುರಿತೋ ನಾಲ್ಕು ಮಾತುಗಳನ್ನು ಬರೆದುಕೊಡುವುದು ಸುಲಭವಾಗಿದ್ದಿತು. ಆದರೆ ಕಳೆದ ಬೇಸಿಗೆಗೆ ಮುಂಚೆ ನಮ್ಮ ಶಾಲೆಯ ಅಂಗಳದಲ್ಲಿ ನಡೆದ ಒಂದು ಸಣ್ಣ ಸಂಗತಿಯು ನಮ್ಮ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿತು. ಅದನ್ನು ಮೊದಲು ಹೇಳಿ, ಅದರಿಂದ ನಾವು ಕಲಿತ ಪಾಠವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ಇಡುವೆವು.

ಒಂಬತ್ತನೆಯ ತರಗತಿಯ ಹುಡುಗಿಯರಿಗೆ ವಿದ್ಯುಚ್ಛಕ್ತಿಯ ಪಾಠವನ್ನು ಮುಗಿಸಿ, ಶಾಲೆಯಲ್ಲಿರುವ ದೀಪ, ಫ್ಯಾನು, ಮೋಟಾರುಗಳು ದಿನಕ್ಕೆ ಎಷ್ಟೆಷ್ಟು ಯೂನಿಟ್ ತೆಗೆದುಕೊಳ್ಳುತ್ತವೆಂದು ಬರೆದುಕೊಂಡು ಬರಲು ಹೇಳಿದ್ದೆವು. ಮರುದಿನ ಅವರಲ್ಲೊಬ್ಬಳು ಎದ್ದು ನಿಂತು, "ಟೀಚರ್, ಮಾಳಿಗೆಯ ಮೇಲಿನ ತೊಟ್ಟಿ ತುಂಬಿ ಸುರಿಯುತ್ತಿರುವಾಗಲೂ ಮೋಟಾರು ಓಡುತ್ತಲೇ ಇರುತ್ತದೆ. ಆ ನೀರಿನ ಯೂನಿಟ್ಟನ್ನು ಯಾವ ಕಲಮಿನಲ್ಲಿ ಬರೆಯಲಿ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರತಿ ತಿಂಗಳೂ ವಿದ್ಯುತ್ ಬಿಲ್ಲಿಗೆ ರುಜು ಹಾಕುತ್ತಿದ್ದವರು ನಾವೇ. ಆದರೆ ಕೊನೆಯ ಸಾಲಿನ ರೂಪಾಯಿಯನ್ನಲ್ಲದೆ ಬೇರೆ ಯಾವ ಸಾಲನ್ನೂ ನಾವು ಓದಿದ್ದಿಲ್ಲ.

ಆ ಹುಡುಗಿಯು ತನ್ನ ಗೆಳತಿಯರೊಡನೆ ಒಂದು ವಾರ ಗಡಿಯಾರ ಹಿಡಿದು ನೋಡಿದಳು. ದಿನಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆಯ ಕಾಲ ನೀರು ವ್ಯರ್ಥವಾಗಿ ಹರಿಯುತ್ತಿದ್ದಿತು. ಐದು ಅಶ್ವಶಕ್ತಿಯ ಮೋಟಾರು ಒಂದು ಗಂಟೆ ಓಡಿದರೆ ಸುಮಾರು ನಾಲ್ಕು ಯೂನಿಟ್ ಬೇಕು. ಅರ್ಧ ಗಂಟೆಗೆ ಎರಡು. ವಸತಿಗೃಹವೂ ಇರುವುದರಿಂದ ವರ್ಷಕ್ಕೆ ೩೦೦ ದಿನವೆಂದು ಹಿಡಿದರೆ ೬೦೦ ಯೂನಿಟ್. ತಿಂಗಳಿಗೆ ೫೦ ಯೂನಿಟ್ ಉಪಯೋಗಿಸುವ ಒಂದು ಬಡ ಕುಟುಂಬವು ಇಡೀ ವರ್ಷ ಬಾಳುವಷ್ಟು ವಿದ್ಯುತ್ತನ್ನು ನಾವು ಮಾಳಿಗೆಯಿಂದ ಚರಂಡಿಗೆ ಸುರಿದಿದ್ದೆವು. ಅದೇ ವರ್ಷ ವಸತಿಗೃಹದ ಓದುವ ಕೋಣೆಗೆ ಇನ್ನೆರಡು ಫ್ಯಾನು ಬೇಕೆಂದು ಹುಡುಗಿಯರು ಬೇಡಿದಾಗ, ಹಣವಿಲ್ಲವೆಂದು ಉತ್ತರ ಕೊಟ್ಟವರೂ ನಾವೇ. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇವೆ, ಏಕೆಂದರೆ ಒಂದು ಶಾಲೆಗೆ ಸಲ್ಲುವ ನ್ಯಾಯವೇ ಒಂದು ಊರಿಗೂ ಸಲ್ಲುವುದು.

೧. ದೀಪದ ಹಿಂದಿನ ಹೊಗೆ

ಬಳ್ಳಾರಿಯಿಂದ ಹೊಸಪೇಟೆಯ ಮಾರ್ಗವಾಗಿ ಹೋಗುವವರಿಗೆ ಕುಡಿತಿನಿಯ ಬಳಿಯಲ್ಲಿ ಉಷ್ಣವಿದ್ಯುತ್ ಸ್ಥಾವರದ ಎತ್ತರವಾದ ಚಿಮಣಿಗಳು ಕಾಣುವುವು. ಕರ್ನಾಟಕ ವಿದ್ಯುತ್ ನಿಗಮಕ್ಕೆ ಸೇರಿದ ಈ ಸ್ಥಾವರದಲ್ಲಿ ಮೂರು ಘಟಕಗಳುಂಟು. ಮೊದಲಿನ ಎರಡು ತಲಾ ೫೦೦ ಮೆಗಾವ್ಯಾಟಿನವು, ಮೂರನೆಯದು ೭೦೦ ಮೆಗಾವ್ಯಾಟಿನದು. ಒಟ್ಟು ೧,೭೦೦ ಮೆಗಾವ್ಯಾಟ್. ಮೂರೂ ಪೂರ್ಣ ಬಲದಿಂದ ಓಡಿದರೆ ಒಂದೇ ಗಂಟೆಗೆ ೧೭ ಲಕ್ಷ ಯೂನಿಟ್ ಹುಟ್ಟುತ್ತದೆ. ಆದರೆ ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಅದು ಹೊರ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಇಂಥ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಆರೇಳು ನೂರು ಗ್ರಾಂ ಕಲ್ಲಿದ್ದಲು ಉರಿಯುತ್ತದೆ.

ಕಲ್ಲಿದ್ದಲು ಉರಿದಾಗ ಹುಟ್ಟುವ, ಹಿಂದಿನ ಪಠ್ಯಪುಸ್ತಕಗಳು ಇಂಗಾಲಾಮ್ಲವಾಯುವೆಂದು ಕರೆದ ಇಂಗಾಲದ ಡೈಆಕ್ಸೈಡ್ ಅನಿಲವು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅದು ಭೂಮಿಯಿಂದ ಮೇಲಕ್ಕೆ ಹೋಗುವ ಶಾಖವನ್ನು ಕಂಬಳಿಯಂತೆ ತಡೆದು ನಿಲ್ಲಿಸುತ್ತದೆ. ಯಂತ್ರಯುಗಕ್ಕೆ ಮುಂಚೆ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೨೮೦ ಭಾಗವಿದ್ದುದು ಈಗ ೪೨೦ನ್ನು ಮೀರಿದೆ. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಜಲಶಕ್ತಿ, ಗಾಳಿ, ಬಿಸಿಲುಗಳ ಪಾಲೂ ಸೇರಿರುವುದರಿಂದ ಸರಾಸರಿಯಾಗಿ ಯೂನಿಟ್ಟೊಂದಕ್ಕೆ ೭೦೦ ಗ್ರಾಮಿನಷ್ಟು ಈ ಅನಿಲವು ಬೀಳುತ್ತದೆಂದು ಲೆಕ್ಕ. ಹಾಗಾದರೆ ನಮ್ಮ ತೊಟ್ಟಿಯಿಂದ ಸುರಿದ ೬೦೦ ಯೂನಿಟ್ಟಿನ ಬೆಲೆ ಕೇವಲ ರೂಪಾಯಿಯಲ್ಲ; ೪೨೦ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡೂ ಹೌದು.

ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ, ಎಂದು ನಮ್ಮವರು ನಗೆಯಾಡುವುದುಂಟು. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟಿ, ಗುಡ್ಡದ ಬಂಡೆಗಳು ಹಗಲಲ್ಲಿ ಕುಡಿದ ಶಾಖವನ್ನು ರಾತ್ರಿಯೆಲ್ಲ ಉಗುಳುವಾಗ ಆ ನಗೆಯು ನಿಲ್ಲುತ್ತದೆ. ಈ ಮೊದಲೇ ಕಾದಿರುವ ಊರುಗಳಿಗೆ ಭೂಮಿಯ ಬಿಸಿ ಇನ್ನಷ್ಟು ಏರುವುದು ಪುಸ್ತಕದ ವಿಷಯವಲ್ಲ. ಅದು ತಗಡಿನ ಮಾಡಿನ ಕೆಳಗೆ ಓದುವ ಮಗುವಿನ ವಿಷಯ.

೨. ನಮಗೆ ಬೇಕಾದುದು ಯಾವುದು?

ಇಲ್ಲಿ ನಮ್ಮ ನಾಡಿನವರೇ ಆದ ಒಬ್ಬ ವಿಜ್ಞಾನಿಯನ್ನು ನೆನೆಯುವುದು ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕುಮಾರ ನಾರಾಯಣ ರೆಡ್ಡಿಯವರು ೧೯೭೪ರಲ್ಲಿ ಅಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಕಟ್ಟಿ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನವನ್ನು ಕಂಡುಹಿಡಿಯುವ ಕೆಲಸಕ್ಕೆ ಕೈಹಾಕಿದರು. ಕಡಿಮೆ ಸೌದೆಯಲ್ಲಿ, ಕಡಿಮೆ ಹೊಗೆಯಲ್ಲಿ ಅಡಿಗೆಯಾಗುವ 'ಅಸ್ತ್ರ ಒಲೆ'ಯನ್ನು ನಮ್ಮ ಅಜ್ಜಿಯರ ಕಾಲದ ಅನೇಕ ಮನೆಗಳು ಕಂಡಿವೆ. ರೆಡ್ಡಿಯವರ ವಿಚಾರದ ಸಾರಾಂಶವು ಸರಳವಾದುದು. ಜನರಿಗೆ ವಿದ್ಯುಚ್ಛಕ್ತಿಯೆಂಬ ವಸ್ತುವು ಬೇಕಾಗಿಲ್ಲ. ಅದರಿಂದ ದೊರೆಯುವ ಬೆಳಕು, ನೀರು, ತಂಪು, ಬೆಂದ ಅನ್ನ ಇವು ಬೇಕು. ಆದುದರಿಂದ ಎಷ್ಟು ವಿದ್ಯುತ್ತನ್ನು ಉತ್ಪಾದಿಸೋಣವೆಂದು ಮೊದಲು ಕೇಳದೆ, ಯಾರಿಗೆ ಯಾವ ಸೇವೆ ದೊರೆಯದೆ ಇದೆ, ಅದನ್ನು ಅತ್ಯಂತ ಕಡಿಮೆ ಶಕ್ತಿಯಿಂದ ಒದಗಿಸುವ ಬಗೆ ಯಾವುದು, ಎಂದು ಕೇಳತಕ್ಕದ್ದು.

ಇದಕ್ಕೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯು ನಿದರ್ಶನ. ಅಲ್ಲಿಯ ದನಗಳ ಸಗಣಿಯಿಂದ ಅನಿಲವನ್ನು ಮಾಡಿ ಮನೆಮನೆಗೂ ಅಡಿಗೆಗೆ ಕೊಡಬೇಕೆಂಬುದು ಮೊದಲಿನ ಯೋಜನೆಯಾಗಿದ್ದಿತು. ಲೆಕ್ಕ ಮಾಡಿ ನೋಡಿದರೆ ಅಡಿಗೆಗೆ ಸಾಲುವಷ್ಟು ಸಗಣಿಯೇ ಇರಲಿಲ್ಲ. ಊರವರೊಡನೆ ಕುಳಿತು ಮಾತಾಡಿದಾಗ, ದೂರದಿಂದ ಹೊರುವ ನೀರು ಹತ್ತಿರಕ್ಕೆ ಬಂದರೆ ಸಾಕು, ಮನೆಗೆ ಒಂದು ದೀಪವಾದರೆ ಸಾಕು, ಎಂಬ ಅಪೇಕ್ಷೆ ಹೊರಬಿದ್ದಿತು. ಹಾಗೆ ೧೯೮೭ರಲ್ಲಿ ಆ ಅನಿಲದಿಂದಲೇ ಒಂದು ಸಣ್ಣ ಇಂಜಿನನ್ನು ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ವಿದ್ಯುತ್ತನ್ನು ಮನೆಗಳಿಗೂ ಕೊಡಲಾಯಿತು. ಸಗಣಿ ತಂದುಕೊಟ್ಟವರಿಗೆ ಅದರ ಗಸಿಯು ಗೊಬ್ಬರವಾಗಿ ಹಿಂದಿರುಗುತ್ತಿದ್ದಿತು. ಲೆಕ್ಕವು ಮೊದಲಿನ ಕನಸನ್ನು ಮುರಿಯಿತು, ನಿಜ. ಆದರೆ ಅದೇ ಲೆಕ್ಕವು ನಿಜವಾದ ಅಗತ್ಯವನ್ನು ತೋರಿಸಿಕೊಟ್ಟಿತು. ನಮ್ಮ ಮೂರು ಊರುಗಳಿಗೂ ಇದೇ ಮೊದಲ ಪಾಠ.

೩. ಊರಾಡಳಿತದ ಕೈಯಲ್ಲಿರುವುದು, ಇಲ್ಲದಿರುವುದು

ನಗರಸಭೆಯೊಂದು ವಿದ್ಯುತ್ತಿನ ವಿಷಯದಲ್ಲಿ ಏನು ಮಾಡಲಾದೀತೆಂದು ಕೆಲವರು ಕೇಳುವರು. ವಿದ್ಯುತ್ತಿನ ಸರಬರಾಜು ಜೆಸ್ಕಾಂ ಕಂಪನಿಯದು, ದರವನ್ನು ಗೊತ್ತುಮಾಡುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಎಂಬುದು ಸತ್ಯ. ಆದರೆ ೧೯೯೩ರ ಜೂನ್ ೧ರಿಂದ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿಯು ಪೌರಸಂಸ್ಥೆಗಳಿಗೆ ೧೮ ವಿಷಯಗಳನ್ನು ಹೆಸರಿಸಿದೆ. ನೀರು ಸರಬರಾಜು, ಬೀದಿದೀಪ, ಕಟ್ಟಡಗಳ ನಿರ್ಮಾಣದ ನಿಯಂತ್ರಣ, ಕಸದ ವಿಲೇವಾರಿ, ನಗರಗಳಲ್ಲಿ ಮರ ಬೆಳೆಸುವುದು ಇವೆಲ್ಲ ಅದರಲ್ಲಿವೆ. ಗ್ರಾಮಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯಂತೂ ಅಸಾಂಪ್ರದಾಯಿಕ ಶಕ್ತಿಮೂಲಗಳನ್ನು ಹೆಸರಿಟ್ಟೇ ಹೇಳಿದೆ. ಊರಿನ ಶಕ್ತಿಯ ಬಹುಪಾಲು ಯಾವ ಕೆಲಸಗಳಲ್ಲಿ ವೆಚ್ಚವಾಗುವುದೋ ಆ ಕೆಲಸಗಳನ್ನು ನಡೆಸುವ ಇಲ್ಲವೆ ನಿಯಂತ್ರಿಸುವ ಅಧಿಕಾರವು ಊರಾಡಳಿತದಲ್ಲಿಯೇ ಇದೆ.

ಇದನ್ನು ಯೋಜನೆಯಾಗಿ ಮಾಡಿದ ಉದಾಹರಣೆಗಳೂ ಉಂಟು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ೨೦೨೩ರ ನವೆಂಬರಿನಲ್ಲಿ ತನ್ನ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿ, ೨೦೫೦ರ ಹೊತ್ತಿಗೆ ನಗರದ ನಿವ್ವಳ ಇಂಗಾಲ ವಿಸರ್ಜನೆಯನ್ನು ಸೊನ್ನೆಗೆ ತರುವ ಗುರಿಯಿಟ್ಟಿತು. ದೇಶದ ಗುರಿಯು ೨೦೭೦ ಎಂದು ೨೦೨೧ರ ಗ್ಲಾಸ್ಗೋ ಸಮ್ಮೇಳನದಲ್ಲಿ ಸಾರಲಾಗಿದೆ. ಆದರೆ ಸೊನ್ನೆಯ ಗುರಿಗೆ ಮುಂಚೆ ಒಂದರ ಲೆಕ್ಕ ತಿಳಿದಿರಬೇಕು. ನಮ್ಮ ಅಭಿಪ್ರಾಯದಲ್ಲಿ ಯಾವ ಊರಿನ ಶಕ್ತಿಯೋಜನೆಗೂ ಐದು ಕಲಮುಗಳು ಸಾಕು. ಊರಾಡಳಿತದ ಹೆಸರಿನಲ್ಲಿರುವ ಪ್ರತಿಯೊಂದು ಆರ್.ಆರ್. ನಂಬರನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದು. ಆ ಪುಸ್ತಕಕ್ಕೆ ಹೊಣೆಯಾದ ಒಬ್ಬ ಅಧಿಕಾರಿಯನ್ನು ನೇಮಿಸುವುದು. ಹಾಕಿದ ಹಣವು ಬೇಗ ಹಿಂದಿರುಗುವ ಕೆಲಸವನ್ನು ಮೊದಲು ಮಾಡುವುದು. ಉಳಿದ ಹಣವನ್ನು ಬೇರೆ ಖರ್ಚಿಗೆ ಕರಗಿಸದೆ ಮುಂದಿನ ಸುಧಾರಣೆಗೆ ಇಡುವುದು. ವರ್ಷಕ್ಕೊಮ್ಮೆ ಲೆಕ್ಕವನ್ನು ಜನರ ಮುಂದೆ ಗಟ್ಟಿಯಾಗಿ ಓದುವುದು.

೪. ಬಳ್ಳಾರಿಯ ಲೆಕ್ಕ

೨೦೧೧ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆಯು ನಾಲ್ಕು ಲಕ್ಷವನ್ನು ದಾಟಿದ್ದಿತು. ಇಷ್ಟು ಜನರಿಗೆ ಕುಡಿಯುವ ನೀರು ತುಂಗಭದ್ರೆಯ ಕಾಲುವೆಗಳಿಂದ ಬಂದು ಅಲ್ಲೀಪುರ, ಮೋಕಾ ಮೊದಲಾದ ಕಡೆಗಳ ಕೆರೆಗಳಲ್ಲಿ ನಿಂತು, ಶುದ್ಧವಾಗಿ, ಪಂಪುಗಳಿಂದ ಮೇಲೇರಿ ಮನೆ ಸೇರಬೇಕು. ನೀರು ತಾನಾಗಿ ಏರದು. ಪ್ರತಿ ಕೊಡದ ಹಿಂದೆಯೂ ವಿದ್ಯುತ್ ಉಂಟು. ಸಾಮಾನ್ಯವಾಗಿ ನಮ್ಮ ದೇಶದ ಪೌರಸಂಸ್ಥೆಗಳ ವಿದ್ಯುತ್ ವೆಚ್ಚದಲ್ಲಿ ನೀರೆತ್ತುವುದೂ ಬೀದಿದೀಪವೂ ಸೇರಿಯೇ ಅತಿ ದೊಡ್ಡ ಪಾಲು. ಆದುದರಿಂದ ಒಡೆದ ಕೊಳವೆಯಿಂದ ಬೀದಿಗೆ ಹರಿಯುವ ನೀರನ್ನು ಕಂಡಾಗ, ಇದು ನೀರಿನ ನಷ್ಟವಷ್ಟೇ ಅಲ್ಲ, ಶುದ್ಧಮಾಡಿ ಮೇಲೆತ್ತಿದ ವಿದ್ಯುತ್ತಿನ ನಷ್ಟವೂ ಹೌದೆಂದು ತಿಳಿಯತಕ್ಕದ್ದು. ಸೋರಿಕೆಯನ್ನು ಕಟ್ಟುವ ಕೊಳಾಯಿಗಾರನು ಬಿಸಿಲ ಹಲಗೆ ಕೂರಿಸುವ ಇಂಜಿನಿಯರನಷ್ಟೇ ಹವಾಮಾನದ ಸೇವಕನು.

ಹಳೆಯ ಪಂಪು ಸವೆದಂತೆಲ್ಲ ಅಷ್ಟೇ ನೀರಿಗೆ ಹೆಚ್ಚು ಯೂನಿಟ್ ಕೇಳುತ್ತದೆ. ಬಿಲ್ಲಿನಲ್ಲಿ ಯೂನಿಟ್ಟಿನ ಬೆಲೆಯಲ್ಲದೆ ನಿಗದಿತ ಶುಲ್ಕವೂ ಇರುತ್ತದೆ. ದೊಡ್ಡ ಮೋಟಾರುಗಳ ಪವರ್ ಫ್ಯಾಕ್ಟರ್ ತಗ್ಗಿದರೆ ಅದಕ್ಕೊಂದು ಹೆಚ್ಚುವರಿ ಶುಲ್ಕ ಬೀಳುವುದುಂಟು. ಸರಿಯಾದ ಕೆಪಾಸಿಟರನ್ನು ಕೂಡಿಸಿದರೆ ಅದು ತಪ್ಪುತ್ತದೆ. ಇವೆಲ್ಲ ಸಮಾರಂಭ ಮಾಡಿ ಉದ್ಘಾಟಿಸುವಂಥ ಕೆಲಸಗಳಲ್ಲ. ಬಿಲ್ಲನ್ನು ಸಾಲುಸಾಲಾಗಿ ಓದುವವರಿಗೆ ಮಾತ್ರ ತೋಚುವ ಕೆಲಸಗಳು.

ಬೀದಿದೀಪದ ವಿಷಯದಲ್ಲಿ ದಾರಿಯು ಈಗಾಗಲೆ ತೆರೆದಿದೆ. ೨೦೧೫ರ ಜನವರಿ ೫ರಂದು ಕೇಂದ್ರ ಸರಕಾರವು ಮನೆಗಳಿಗೆ ಎಲ್.ಇ.ಡಿ. ಬಲ್ಬನ್ನು ಕಡಿಮೆ ಬೆಲೆಗೆ ಕೊಡುವ 'ಉಜಾಲಾ' ಯೋಜನೆಯನ್ನೂ ಬೀದಿದೀಪಗಳನ್ನು ಎಲ್.ಇ.ಡಿ.ಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನೂ ಒಟ್ಟಿಗೆ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದೇ ವರ್ಷ 'ಹೊಸ ಬೆಳಕು' ಎಂಬ ಹೆಸರಿನಿಂದ ಬಲ್ಬುಗಳು ಹಂಚಿಕೆಯಾದುವು. ೬೦ ವ್ಯಾಟಿನ ಹಳೆಯ ಬಲ್ಬಿನ ಬೆಳಕನ್ನು ೯ ವ್ಯಾಟಿನ ಹೊಸ ಬಲ್ಬು ಕೊಡುತ್ತದೆ. ಆದರೆ ಎಷ್ಟು ಒಳ್ಳೆಯ ದೀಪವಾದರೂ ಹಗಲಲ್ಲಿ ಉರಿದರೆ ಫಲವೇನು? ೧೦೦ ವ್ಯಾಟಿನ ನೂರು ಬೀದಿದೀಪಗಳು ಹಗಲಿನ ೧೨ ಗಂಟೆ ವ್ಯರ್ಥವಾಗಿ ಉರಿದರೆ ದಿನಕ್ಕೆ ೧೨೦ ಯೂನಿಟ್ ಹೋಗುತ್ತದೆ. ಅದಕ್ಕೆ ಬೇಕಾದ ಔಷಧಿ ಒಂದು ಸ್ವಯಂಚಾಲಿತ ಟೈಮರು ಮತ್ತು ದೂರನ್ನು ಬರೆದುಕೊಳ್ಳುವ ಒಬ್ಬ ಗುಮಾಸ್ತ.

ಇನ್ನು ಮಾಡುಗಳ ಮಾತು. ನಮ್ಮ ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳು ದಪ್ಪ ಗೋಡೆಗಳಿಂದಲೂ ಬೆಳಕಿಂಡಿಗಳಿಂದಲೂ ಹಗಲಿನ ಬಿಸಿಲನ್ನು ತಡೆಯುತ್ತಿದ್ದುವು. ಈಗಿನ ತೆಳುವಾದ ಕಾಂಕ್ರೀಟು ಮತ್ತು ತಗಡಿನ ಮಾಡುಗಳು ಕಾದ ಹೆಂಚಿನಂತಾಗುತ್ತವೆ. ಮಾಡಿಗೆ ಬಿಳಿಯ ಸುಣ್ಣವನ್ನಾಗಲಿ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿಯ ಬಣ್ಣವನ್ನಾಗಲಿ ಬಳಿದರೆ ಕೋಣೆಯ ಬಿಸಿಯು ಕೆಲವು ಡಿಗ್ರಿ ಇಳಿಯುತ್ತದೆ. ೨೦೧೦ರ ಘೋರ ಬಿಸಿಗಾಳಿಯಿಂದ ಪಾಠ ಕಲಿತ ಅಹಮದಾಬಾದು ನಗರವು ೨೦೧೩ರಲ್ಲಿ ಬಿಸಿಲ ಕ್ರಿಯಾಯೋಜನೆಯನ್ನು ರಚಿಸಿ, ಬಳಿಕ ಬಡವರ ಮನೆಗಳ ಮಾಡುಗಳಿಗೆ ಬಿಳಿ ಬಳಿಯುವ ಕೆಲಸವನ್ನೂ ಕೈಗೊಂಡಿತು. ಬಳ್ಳಾರಿಗೆ ಇದಕ್ಕಿಂತ ಸುಲಭವಾದ, ಇದಕ್ಕಿಂತ ನ್ಯಾಯವಾದ ಆರಂಭ ಬೇರೆಯಿಲ್ಲವೆಂದು ನಮ್ಮ ಭಾವನೆ. ಏಕೆಂದರೆ ಹವಾನಿಯಂತ್ರಣ ಯಂತ್ರವು ಕೊಳ್ಳಬಲ್ಲವನ ಕೋಣೆಯನ್ನು ಮಾತ್ರ ತಂಪುಮಾಡುತ್ತದೆ; ಸುಣ್ಣವು ಕೂಲಿಯವನ ಗುಡಿಸಲಿಗೂ ಎಟಕುತ್ತದೆ.

೫. ಸಿರುಗುಪ್ಪದ ಲೆಕ್ಕ

ಬಳ್ಳಾರಿಯಿಂದ ಉತ್ತರಕ್ಕೆ ಹೋಗಿ ಸಿರುಗುಪ್ಪವನ್ನು ಸೇರಿದರೆ ನೋಟವೇ ಬದಲಾಗುತ್ತದೆ. ತುಂಗಭದ್ರೆಯ ನೀರುಂಡ ಗದ್ದೆಗಳು, ಅವುಗಳ ನಡುವೆ ಅಕ್ಕಿ ಗಿರಣಿಗಳು. ಇಲ್ಲಿಯ ಶಕ್ತಿಯ ಪ್ರಶ್ನೆಯು ಭತ್ತದ ಪ್ರಶ್ನೆಯಾಗಿದೆ. ನೂರು ಕಿಲೋ ಭತ್ತವನ್ನು ಕುಟ್ಟಿದರೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು ಬರುತ್ತದೆ. ಈ ಹೊಟ್ಟು ಕಸವಲ್ಲ, ಇಂಧನ. ಭತ್ತವನ್ನು ಹಬೆಯಲ್ಲಿ ಬೇಯಿಸುವ ಬಾಯ್ಲರುಗಳಿಗೆ ಹೊಟ್ಟನ್ನೇ ಉರಿಸುವುದು ಗಿರಣಿಯವರಿಗೆ ತಿಳಿದ ವಿದ್ಯೆ. ಹೊಟ್ಟು ಉರಿದಾಗ ಬರುವ ಇಂಗಾಲವು ಅದೇ ವರ್ಷ ಪೈರು ಗಾಳಿಯಿಂದ ಎಳೆದುಕೊಂಡದ್ದಾದುದರಿಂದ, ನೆಲದಡಿಯಿಂದ ಅಗೆದ ಕಲ್ಲಿದ್ದಲಿನಂತೆ ಅದು ಹೊಸ ಹೊರೆಯಾಗುವುದಿಲ್ಲ. ಆದರೆ ಅರೆಬರೆಯಾಗಿ ಉರಿದರೆ ಹೊಗೆಯೂ ಬೂದಿಯೂ ನೆರೆಯವರ ಎದೆಗೆ ಸೇರುತ್ತವೆ. ಆದುದರಿಂದ ಒಳ್ಳೆಯ ಬಾಯ್ಲರು, ಹಾರದಂತೆ ಹಿಡಿದ ಬೂದಿ ಇವೆರಡೂ ಯೋಜನೆಯಲ್ಲಿ ಸೇರಿರಬೇಕು.

ಹೊರದೇಶದ ಒಂದು ದೃಷ್ಟಾಂತವನ್ನು ಇಲ್ಲಿ ಹೇಳುವುದು ತಪ್ಪಲ್ಲ. ಸ್ವೀಡನ್ ದೇಶದ ವೆಕ್ಷೋ ಎಂಬ ಪಟ್ಟಣದ ಪೌರಸಭೆಯು ೧೯೯೬ರಲ್ಲಿಯೇ ತಾನು ಕಲ್ಲಿದ್ದಲು, ಎಣ್ಣೆಗಳ ಹಂಗನ್ನು ಬಿಡುವೆನೆಂದು ಪಕ್ಷಭೇದವಿಲ್ಲದೆ ನಿರ್ಣಯಿಸಿತು. ಅದು ಚಳಿಯ ದೇಶ, ಸುತ್ತಲೂ ಕಾಡು. ಮರದ ಕೆಲಸದಲ್ಲಿ ಉಳಿದ ಚೂರುಪಾರುಗಳನ್ನು ಉರಿಸಿ ನೀರು ಕಾಯಿಸಿ ಕೊಳವೆಗಳಲ್ಲಿ ಮನೆಗಳಿಗೆ ಕಳುಹಿಸುತ್ತಾರೆ. ಅವರಿಗೆ ಮರದ ಚೂರು ಹೇಗೋ ಸಿರುಗುಪ್ಪಕ್ಕೆ ಭತ್ತದ ಹೊಟ್ಟು ಹಾಗೆ. ನಮಗೆ ಮನೆ ಕಾಯಿಸುವ ಅಗತ್ಯವಿಲ್ಲವೆಂಬುದು ಬೇರೆ ಮಾತು. ನಮ್ಮ ಊರಿನಲ್ಲೇ ಬಿದ್ದಿರುವುದನ್ನು ಮೊದಲು ಎಣಿಸು ಎಂಬ ಬುದ್ಧಿಯನ್ನು ಅವರಿಂದ ಕಲಿಯಬಹುದು. ಕೊಯ್ಲಾದ ಗದ್ದೆಯಲ್ಲಿ ಹುಲ್ಲನ್ನು ಸುಡುವುದು ಈ ಬುದ್ಧಿಗೆ ತೀರ ವಿರುದ್ಧ. ಅದು ದನದ ಮೇವನ್ನೂ ನೆಲದ ಸಾರವನ್ನೂ ಒಟ್ಟಿಗೆ ಹೊಗೆಮಾಡುವುದು.

೬. ಕುರುಗೋಡಿನ ಲೆಕ್ಕ

ದೊಡ್ಡಬಸವೇಶ್ವರನ ಏಕಶಿಲೆಯ ನಂದಿಯಿಂದ ಹೆಸರಾದ ಕುರುಗೋಡು ಈಗ ಒಂದು ತಾಲ್ಲೂಕಿನ ಕೇಂದ್ರ. ಸಣ್ಣ ಊರಿಗೆ ಯೋಜನೆ ಏಕೆಂದು ಕೇಳಬಾರದು. ಬೆಳೆಯುತ್ತಿರುವ ಸಣ್ಣ ಊರಿಗೇ ಯೋಜನೆಯು ಹೆಚ್ಚು ಉಪಯುಕ್ತ. ದೊಡ್ಡ ನಗರವು ಕಟ್ಟಿದುದನ್ನು ಒಡೆದು ತಿದ್ದಬೇಕು; ಸಣ್ಣ ಊರು ಕಟ್ಟುವಾಗಲೇ ಸರಿಯಾಗಿ ಕಟ್ಟಬಹುದು. ಹೊಸ ಕಚೇರಿ, ಆಸ್ಪತ್ರೆ, ಶಾಲೆಗಳು ಏಳುವಾಗ ಕಿಟಕಿಗಳನ್ನು ಗಾಳಿಯ ದಿಕ್ಕಿಗೆ ಇಡುವುದಕ್ಕೂ ಪಡುವಣ ಗೋಡೆಗೆ ನೆರಳು ಕೊಡುವುದಕ್ಕೂ ಹೆಚ್ಚಿನ ಹಣ ಬೇಡ. ನಕ್ಷೆಗೆ ಒಪ್ಪಿಗೆ ಕೊಡುವವರ ಗಮನ ಬೇಕು.

ಬಿಸಿಲು ಇಲ್ಲಿಯ ದೊಡ್ಡ ಆಸ್ತಿ. ಅಂಗಳದಲ್ಲಿ ಮೆಣಸಿನಕಾಯಿ ಹರವಿ ಒಣಗಿಸುವ ರೈತನ ಹೆಂಡತಿಗೆ ಸೌರಶಕ್ತಿಯ ಪಾಠವನ್ನು ನಾವು ಹೇಳಿಕೊಡಬೇಕಾದುದಿಲ್ಲ. ಒಂದು ಕಿಲೋವ್ಯಾಟ್ ಬಿಸಿಲ ಹಲಗೆಗೆ ಸುಮಾರು ನೂರು ಚದರಡಿ ಮಾಡು ಸಾಕು. ನಮ್ಮ ಕಡೆಯ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ೨೦೨೪ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಮನೆಯ ಮಾಡಿನ ಮೇಲೆ ಒಂದು ಕಿಲೋವ್ಯಾಟಿಗೆ ೩೦,೦೦೦ ರೂಪಾಯಿ, ಎರಡಕ್ಕೆ ೬೦,೦೦೦, ಮೂರು ಮತ್ತು ಮೇಲ್ಪಟ್ಟುದಕ್ಕೆ ೭೮,೦೦೦ ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಬರಿದಾಗಿ ಕಾಯುತ್ತಿರುವ ಸರಕಾರಿ ಕಟ್ಟಡಗಳ ಮಾಡುಗಳ ಪಟ್ಟಿಯನ್ನು ಮಾಡುವುದಂತೂ ಪುರಸಭೆಯ ಕೈಯಲ್ಲಿದೆ.

ಊರ ಹೊರಗೆ ಹೊಲಗಳ ಪಂಪುಗಳ ಮಾತು ಸೂಕ್ಷ್ಮವಾದುದು. ೨೦೦೮ರಿಂದ ನಮ್ಮ ರಾಜ್ಯದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ ಉಚಿತ. ರೈತನ ಕಷ್ಟವನ್ನು ಬಲ್ಲ ನಾವು ಅದನ್ನು ಆಕ್ಷೇಪಿಸುವವರಲ್ಲ. ಆದರೆ ಬಿಲ್ಲಿಲ್ಲದ ಕಡೆ ಕಣ್ಣೂ ಇರುವುದಿಲ್ಲ. ೨೦೧೯ರಲ್ಲಿ ಮೊದಲಾದ ಕುಸುಮ್ ಯೋಜನೆಯು ಹೊಲದ ಪಂಪುಗಳನ್ನು ಬಿಸಿಲಿನಿಂದ ನಡೆಸುವ ದಾರಿಯನ್ನು ತೋರಿಸಿದೆ. ಹಗಲಲ್ಲಿ ನೀರು ದೊರೆತರೆ ರೈತನು ರಾತ್ರಿ ಹಾವು ಚೇಳುಗಳ ನಡುವೆ ಕರೆಂಟಿಗಾಗಿ ಕಾಯುವುದು ತಪ್ಪುತ್ತದೆ. ಇಂಗಾಲದ ಉಳಿತಾಯಕ್ಕಿಂತ ಇದೇ ಅವನಿಗೆ ದೊಡ್ಡ ಲಾಭವೆಂಬುದನ್ನು ಯೋಜನೆ ಮಾಡುವವರು ಮರೆಯಬಾರದು.

೭. ಒಂದು ಆಕ್ಷೇಪಕ್ಕೆ ಉತ್ತರ

"ಕುಡಿತಿನಿಯಲ್ಲಿ ಉಷ್ಣಸ್ಥಾವರ, ತೋರಣಗಲ್ಲಿನಲ್ಲಿ ಉಕ್ಕಿನ ಮಹಾ ಕಾರ್ಖಾನೆ, ಅಷ್ಟು ಹೊಗೆಯ ನಡುವೆ ನಮ್ಮ ಮನೆಯ 'ಸ್ವಿಚ್ಚು' ಯಾವ ಲೆಕ್ಕ?" ಎಂದು ಒಬ್ಬ ತಂದೆಯವರು ಪೋಷಕರ ಸಭೆಯಲ್ಲಿ ನಮ್ಮನ್ನು ಕೇಳಿದರು. ಪ್ರಶ್ನೆಯು ನ್ಯಾಯವಾದುದು. ಆ ಸ್ಥಾವರ, ಕಾರ್ಖಾನೆಗಳಿಗೆ ಆಜ್ಞೆ ಮಾಡುವ ಅಧಿಕಾರ ನಗರಸಭೆಗೆ ಇಲ್ಲ. ಅದು ಕೇಂದ್ರ, ರಾಜ್ಯ ಸರಕಾರಗಳ ಕೆಲಸ, ಮತ್ತು ಅವರು ಅದನ್ನು ಮಾಡಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ತನ್ನ ಬಿಲ್ಲನ್ನು ಓದದ ಊರಿಗೆ ಇನ್ನೊಬ್ಬರ ಲೆಕ್ಕವನ್ನು ಕೇಳುವ ಬಾಯಿ ಎಲ್ಲಿಂದ ಬಂದೀತು? ಮೇಲಾಗಿ, ಉಳಿದ ಯೂನಿಟ್ಟಿನ ಹಣವು ಊರಿನಲ್ಲೇ ಉಳಿಯುತ್ತದೆ. ಗಣಿಯ ಜಿಲ್ಲೆಗಳಿಗಾಗಿ ೨೦೧೫ರಲ್ಲಿ ಏರ್ಪಟ್ಟ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ವೆಚ್ಚಮಾಡಬಹುದಾದ ಬಾಬುಗಳಲ್ಲಿ ಕುಡಿಯುವ ನೀರು, ಪರಿಸರ, ವಿದ್ಯಾಭ್ಯಾಸಗಳೊಡನೆ ಶಕ್ತಿಯ ಅಭಿವೃದ್ಧಿಯೂ ಸೇರಿದೆ. ಲೆಕ್ಕ ಸಿದ್ಧವಿರುವ ಊರು ಆ ಹಣವನ್ನು ಕೇಳಬಲ್ಲದು. ಲೆಕ್ಕವಿಲ್ಲದ ಊರು ಕಾಯುತ್ತ ಕುಳಿತಿರುತ್ತದೆ.

ಇನ್ನೊಂದು ಮಾತು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಸರಪಣಿ ಕಡಿದು ಕೊಚ್ಚಿಹೋದುದನ್ನು ನಾವಾರೂ ಮರೆತಿಲ್ಲ. ತುಂಬಿದ ಜಲಾಶಯದ ನೀರು ನಮ್ಮ ಕಣ್ಣೆದುರಿಗೆ ಹರಿದುಹೋಯಿತು. ಸಿರುಗುಪ್ಪದ ರೈತನು ಎರಡನೆಯ ಬೆಳೆಗಾಗಿ ಎದೆಯ ಮೇಲೆ ಕೈಯಿಟ್ಟುಕೊಂಡನು. ೧೯೫೩ರಲ್ಲಿ ಕಟ್ಟಿ ಮುಗಿದ ಅಷ್ಟು ದೊಡ್ಡ ಕಟ್ಟಡದ ಭಾರವು ಒಂದು ಸರಪಣಿಯ ಮೇಲೆ ನಿಂತಿದ್ದಿತು. ಹೊಸದನ್ನು ಕಟ್ಟುವಷ್ಟೇ ಹಳೆಯದನ್ನು ನೋಡಿಕೊಳ್ಳುವುದೂ ದೇಶಸೇವೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾಗಿಲ್ಲ.

೮. ನಮ್ಮ ಪಾಲು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಮನೆಯೊಡತಿಯರು, ಉಪಾಧ್ಯಾಯಿನಿಯರು, ದಾದಿಯರು, ಕಚೇರಿಗಳಲ್ಲಿ ಕೆಲಸ ಮಾಡುವವರು. ಸ್ಥಳೀಯ ಸಂಸ್ಥೆಗಳಲ್ಲಿ ಸ್ತ್ರೀಯರಿಗೆ ಸ್ಥಾನಗಳು ಮೀಸಲಾಗಿರುವುದರಿಂದ ನಿಮ್ಮಲ್ಲಿ ಕೆಲವರು ನಾಳೆ ಸದಸ್ಯರಾಗಿಯೂ ಕುಳಿತುಕೊಳ್ಳಬಹುದು. ೨೦೨೩ರ ಜುಲೈ ೧ರಿಂದ ಗೃಹಜ್ಯೋತಿ ಯೋಜನೆಯಂತೆ ಅರ್ಹ ಮನೆಗಳಿಗೆ ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ಉಚಿತ ವಿದ್ಯುತ್ ದೊರೆಯತೊಡಗಿತು; ೨೦೦ ದಾಟಿದರೆ ಪೂರ್ಣ ಬಿಲ್ಲನ್ನು ತೆರಬೇಕು. ಶೂನ್ಯ ಬಿಲ್ಲು ಬಂದ ತಿಂಗಳೂ ಯೂನಿಟ್ಟಿನ ಸಾಲನ್ನು ಓದುವ ಅಭ್ಯಾಸವನ್ನು ಬಿಡಬೇಡಿರಿ. ಹಳೆಯ ಸೀಲಿಂಗ್ ಫ್ಯಾನು ಸುಮಾರು ೭೫ ವ್ಯಾಟ್ ತೆಗೆದುಕೊಂಡರೆ, ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನು ಸುಮಾರು ೩೦ ವ್ಯಾಟಿನಲ್ಲಿ ಅದೇ ಗಾಳಿ ಕೊಡುತ್ತದೆ. ಹತ್ತು ಸಾವಿರ ಮನೆಗಳಲ್ಲಿ ಎರಡೆರಡು ಫ್ಯಾನು ಹೀಗೆ ಬದಲಾಗಿ ದಿನಕ್ಕೆ ೧೨ ಗಂಟೆ ತಿರುಗಿದರೆ, ದಿನವೊಂದಕ್ಕೆ ೧೦,೮೦೦ ಯೂನಿಟ್ ಉಳಿಯುವುದು. ಅಂದರೆ ಸುಮಾರು ಏಳೂವರೆ ಟನ್ನು ಇಂಗಾಲದ ಡೈಆಕ್ಸೈಡ್. ಒಂದು ಮನೆಯ 'ಸ್ವಿಚ್ಚು' ಲೆಕ್ಕಕ್ಕೆ ಬಾರದಿರಬಹುದು. ಹತ್ತು ಸಾವಿರ ಮನೆಗಳದು ಬರುತ್ತದೆ.

ನಮ್ಮ ಶಾಲೆಯ ತೊಟ್ಟಿಗೆ ಈಗ ಫ್ಲೋಟ್ ಸ್ವಿಚ್ಚನ್ನು ಕೂಡಿಸಲಾಗಿದೆ. ತೊಟ್ಟಿ ತುಂಬಿದೊಡನೆ ಮೋಟಾರು ತಾನೇ ನಿಲ್ಲುತ್ತದೆ. ಕಚೇರಿಯ ಗೋಡೆಯ ಮೇಲೆ ಪ್ರತಿ ತಿಂಗಳ ಯೂನಿಟ್ಟನ್ನು ಒಂಬತ್ತನೆಯ ತರಗತಿಯವರೇ ಬರೆಯುತ್ತಾರೆ. ಓದುವ ಕೋಣೆಯಲ್ಲಿ ಎರಡು ಹೊಸ ಫ್ಯಾನುಗಳು ತಿರುಗುತ್ತಿವೆ. ಇವಕ್ಕೆ ನಾವು ಯಾರಿಂದಲೂ ವಂತಿಗೆ ಎತ್ತಲಿಲ್ಲ. ಒಬ್ಬ ಹುಡುಗಿಯು ಪ್ರಶ್ನೆ ಕೇಳಿದಳು, ನಾವು ತಡವಾಗಿಯಾದರೂ ಉತ್ತರವನ್ನು ಹುಡುಕಿದೆವು, ಅಷ್ಟೆ. ನಮ್ಮ ಊರುಗಳಲ್ಲಿಯೂ ಅಂಥ ಪ್ರಶ್ನೆಯನ್ನು ಕೇಳುವವರು ಹೆಚ್ಚಲಿ, ಕೇಳಿಸಿಕೊಳ್ಳುವವರು ಕುರ್ಚಿಗಳಲ್ಲಿರಲಿ ಎಂದು ಹಾರೈಸುವೆವು.

ಅಭ್ಯಾಸಕ್ಕಾಗಿ

(೧) ನಿಮ್ಮ ಮನೆಯ ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಟ್ಟುಗೂಡಿಸಿ, ಯಾವ ತಿಂಗಳಲ್ಲಿ ಹೆಚ್ಚು ಯೂನಿಟ್ ವೆಚ್ಚವಾಯಿತು, ಏಕೆ, ಎಂದು ಬರೆಯಿರಿ.

(೨) ನಿಮ್ಮ ಬೀದಿಯಲ್ಲಿ ಹಗಲಿನಲ್ಲಿ ಉರಿಯುವ ದೀಪ, ಸೋರುವ ನಲ್ಲಿ ಎಷ್ಟು? ಒಂದು ವಾರ ಎಣಿಸಿ, ನಗರಸಭೆಗೆ ಮರ್ಯಾದೆಯ ಮಾತಿನಲ್ಲಿ ಒಂದು ಅರ್ಜಿ ಬರೆಯಿರಿ.

(೩) ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಒಂದು ಊರನ್ನು ಆರಿಸಿಕೊಂಡು, ನೀವು ಅದರ ಅಧ್ಯಕ್ಷರಾದರೆ ಮೊದಲ ವರ್ಷ ಮಾಡುವ ಮೂರು ಕೆಲಸಗಳನ್ನು, ಅವುಗಳಿಗೆ ಹಣ ಎಲ್ಲಿಂದ ಬರುವುದೆಂಬ ವಿವರದೊಡನೆ ಬರೆಯಿರಿ.